ಜೀನ್ ಚಿಕಿತ್ಸೆಯಿಂದ ಥಲಸ್ಸೆಮಿಯಾ ‘ಗುಣವಾಗುತ್ತದೆ’ ಎಂದರೆ ದೇಹದಲ್ಲಿ ನಿಜವಾಗಿ ಏನಾಗುತ್ತದೆ?

ಪ್ರಶ್ನೆ

ನನ್ನ ಅಕ್ಕನ ಮಗಳಿಗೆ ಈಗ 14 ವರ್ಷ. ಏಳು ತಿಂಗಳ ಕೂಸಾಗಿದ್ದಾಗ ಅವಳಿಗೆ ಬೀಟಾ ಥಲಸ್ಸೆಮಿಯಾ ಮೇಜರ್, ಅಂದರೆ ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ, ಇದೆಯೆಂದು ಗೊತ್ತಾಯಿತು. ಅಂದಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುವುದು, ದಿನವೂ ಕಬ್ಬಿಣಾಂಶವನ್ನು ಹೊರಹಾಕುವ ಮಾತ್ರೆ ಕೊಡುವುದು, ವರ್ಷಕ್ಕೊಮ್ಮೆ ಹೃದಯದಲ್ಲೂ ಯಕೃತ್ತಿನಲ್ಲೂ ಎಷ್ಟು ಕಬ್ಬಿಣ ಸೇರಿಕೊಂಡಿದೆಯೆಂದು ಎಂಆರ್‌ಐ ಮಾಡಿಸುವುದು, ಇವೆಲ್ಲ ಮನೆಯ ದಿನಚರಿಯೇ ಆಗಿಬಿಟ್ಟಿವೆ. ಅಸ್ಥಿಮಜ್ಜೆಯ ಕಸಿ ಮಾಡಿಸುವ ಆಸೆಯಿಂದ ಅವಳ ತಮ್ಮನ ರಕ್ತವನ್ನು ಪರೀಕ್ಷೆಗೆ ಕೊಟ್ಟಿದ್ದೆವು. ಅದು ಹೊಂದಲಿಲ್ಲ.

ಕಳೆದ ತಿಂಗಳು ಅವಳೇ ಎಲ್ಲೋ ಓದಿಕೊಂಡು ಬಂದು, ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ಎಂಬ ವಿಧಾನದಿಂದ ತನ್ನ ಕಾಯಿಲೆ ಗುಣವಾಗುತ್ತದೆಯಂತೆ ಎಂದು ಹೇಳಿದಳು. ಅದರ ಬೆನ್ನಿಗೇ, “ಚಿಕ್ಕಮ್ಮ, ನನ್ನ ಜೀನ್ ತಿದ್ದಿದರೆ ಆಮೇಲೂ ನಾನು ನಾನೇ ಆಗಿರುತ್ತೇನಾ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ವೈದ್ಯರ ಬಳಿ ಹೋಗುವ ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ಈ ಚಿಕಿತ್ಸೆಯಲ್ಲಿ ಕೆಟ್ಟ ಜೀನನ್ನೇ ಸರಿಪಡಿಸುತ್ತಾರೆಯೇ? ಅದು ಶಾಶ್ವತವೇ? ಮುಂದೆ ಅವಳಿಗೆ ಮಕ್ಕಳಾದರೆ ಕಾಯಿಲೆ ಅವರಿಗೆ ದಾಟುವುದಿಲ್ಲವೇ? ಎಲ್ಲಕ್ಕಿಂತ ಹೆಚ್ಚಾಗಿ, ಸುದ್ದಿಗಳಲ್ಲಿ ಬರುವ ‘ಗುಣ’ ಎಂಬ ಮಾತನ್ನು ನಾವು ಯಾವ ಅರ್ಥದಲ್ಲಿ ತೆಗೆದುಕೊಳ್ಳಬೇಕು?

ಉತ್ತರ 1 (ರಕ್ತಕೋಶಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು)

ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳಿಗೂ ಉತ್ತರ ಅದರೊಳಗೇ ಇದೆ. ಈ ಚಿಕಿತ್ಸೆಯಲ್ಲಿ ತಿದ್ದುಪಡಿಯಾಗುವುದು ಅಸ್ಥಿಮಜ್ಜೆಯಲ್ಲಿದ್ದುಕೊಂಡು ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳು ಮಾತ್ರ. ಅವಳ ಮೆದುಳಿನ, ಚರ್ಮದ, ಯಕೃತ್ತಿನ, ಅಂಡಾಶಯದ ಕೋಶಗಳಲ್ಲಿರುವ ಡಿಎನ್‌ಎ ಈಗ ಹೇಗಿದೆಯೋ ಹಾಗೆಯೇ ಇರುತ್ತದೆ. ಆದ್ದರಿಂದ ಅವಳು ಅವಳೇ ಆಗಿರುತ್ತಾಳೆ ಎಂದು ಧೈರ್ಯವಾಗಿ ಹೇಳಿ. ಅದೇ ಕಾರಣಕ್ಕೆ, ಅಂಡಾಣುಗಳಲ್ಲಿ ಕಾಯಿಲೆಯ ಜೀನ್ ಮೊದಲಿನಂತೆಯೇ ಉಳಿಯುವುದರಿಂದ, ಅವಳಿಂದ ಪ್ರತಿಯೊಂದು ಮಗುವಿಗೂ ಬೀಟಾ ಗ್ಲೋಬಿನ್ (ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ) ಜೀನಿನ ಒಂದು ದೋಷಯುಕ್ತ ಪ್ರತಿ ಹೋಗಿಯೇ ಹೋಗುತ್ತದೆ. ತಂದೆಯ ಕಡೆಯಿಂದ ಸರಿಯಾದ ಪ್ರತಿ ಬಂದರೆ ಮಗು ಕೇವಲ ವಾಹಕವಾಗಿರುತ್ತದೆ. ಹಾಗಾಗಿ ಮುಂದೆ ಸಂಗಾತಿಯ ರಕ್ತಪರೀಕ್ಷೆ ಚಿಕಿತ್ಸೆಯ ನಂತರವೂ ಅಗತ್ಯ.

ಇನ್ನು ಎರಡನೆಯ ಸಂಗತಿ ಹಲವರಿಗೆ ಆಶ್ಚರ್ಯ ತರುತ್ತದೆ. ಥಲಸ್ಸೆಮಿಯಾಕ್ಕೆ ಈಗ ಅನುಮೋದನೆ ಪಡೆದಿರುವ ಕ್ರಿಸ್ಪರ್ ಚಿಕಿತ್ಸೆಯಾದ ಕ್ಯಾಸ್‌ಗೆವಿಯಲ್ಲಿ ಕೆಟ್ಟ ಜೀನನ್ನು ಮುಟ್ಟುವುದೇ ಇಲ್ಲ. ಗರ್ಭದಲ್ಲಿರುವ ಮಗುವಿಗೆ ಬೇರೆಯದೇ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಬೀಟಾ ಸರಪಳಿಯ ಜಾಗದಲ್ಲಿ ಗಾಮಾ ಎಂಬ ಸರಪಳಿ ಇರುವುದರಿಂದ ಬೀಟಾ ಜೀನ್ ಕೆಟ್ಟಿದ್ದರೂ ಮಗುವಿಗೆ ತೊಂದರೆಯಾಗುವುದಿಲ್ಲ. ನಿಮ್ಮ ಮನೆಯ ಕೂಸು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇದ್ದು ಆಮೇಲೆ ಬಿಳಿಚಿಕೊಂಡದ್ದು ಇದರಿಂದಲೇ. ಹುಟ್ಟಿದ ಮೇಲೆ ಗಾಮಾ ಜೀನ್ ನಿಧಾನವಾಗಿ ಸುಮ್ಮನಾಗುತ್ತದೆ, ಆ ಹೊತ್ತಿಗೆ ಕೆಲಸ ವಹಿಸಿಕೊಳ್ಳಬೇಕಾದ ಬೀಟಾ ಜೀನ್ ಕೈಕೊಡುತ್ತದೆ. ಅದೇ ಬೀಟಾ ಜೀನಿನ ಇನ್ನೊಂದು ದೋಷದಿಂದ ಬರುವ ಸಿಕಲ್ ಸೆಲ್ ಕಾಯಿಲೆಯಿರುವ ನವಜಾತ ಶಿಶುಗಳಿಗೆ ಲಕ್ಷಣಗಳೇಕೆ ಇರುವುದಿಲ್ಲ ಎಂಬುದನ್ನು ಗಮನಿಸಿ, ಇದಕ್ಕೆ ಗರ್ಭಕಾಲದ ಹಿಮೋಗ್ಲೋಬಿನ್ ಕಾರಣವಿರಬೇಕೆಂದು ಜಾನೆಟ್ ವಾಟ್ಸನ್ 1948ರಲ್ಲಿಯೇ ಸೂಚಿಸಿದ್ದರು. ಆದರೆ ಹುಟ್ಟಿದ ಮೇಲೆ ಗಾಮಾ ಜೀನಿನ ಬಾಯಿ ಮುಚ್ಚಿಸುವುದು ಯಾವುದು ಎಂಬುದು ತಿಳಿಯಲು ಮತ್ತೆ ಅರವತ್ತು ವರ್ಷ ಹಿಡಿಯಿತು. ಅದು ಬಿಸಿಎಲ್11ಎ ಎಂಬ ಪ್ರೋಟೀನ್ ಎಂದು 2008ರಲ್ಲಿ ಸ್ಟುವರ್ಟ್ ಆರ್ಕಿನ್ ಮತ್ತು ವಿಜಯ್ ಶಂಕರನ್ ಅವರ ತಂಡ ತೋರಿಸಿತು.

ಹಾಗಾದರೆ ಆ ಬಿಸಿಎಲ್11ಎ ಜೀನನ್ನೇ ಕತ್ತರಿಸಿಬಿಟ್ಟರೆ ಆಯಿತಲ್ಲ ಎನಿಸಬಹುದು. ಆಗದು, ಏಕೆಂದರೆ ಬಿಳಿ ರಕ್ತಕೋಶಗಳ ಕೆಲವು ಬಗೆಗಳಿಗೂ ಮೆದುಳಿಗೂ ಆ ಪ್ರೋಟೀನ್ ಬೇಕು, ಕಾಂಡಕೋಶದ ಆರೋಗ್ಯಕ್ಕೂ ಬೇಕು. ನನ್ನ ದೃಷ್ಟಿಯಲ್ಲಿ ಈ ಇಡೀ ಚಿಕಿತ್ಸೆಯ ಅತ್ಯಂತ ಸೊಗಸಾದ ಭಾಗ ಇಲ್ಲಿದೆ. ಆ ಜೀನಿನ ಒಳಗೆ ಕೆಂಪು ರಕ್ತಕೋಶಗಳಲ್ಲಿ ಮಾತ್ರ ಅದನ್ನು ಚುರುಕುಗೊಳಿಸುವ ಒಂದು ಚಿಕ್ಕ ತುಣುಕಿದೆ. ಕ್ರಿಸ್ಪರ್ ಕತ್ತರಿ ಆ ತುಣುಕನ್ನಷ್ಟೇ ಕೆಡಿಸುತ್ತದೆ. ಹೀಗಾಗಿ ಬಿಸಿಎಲ್11ಎ ಬೇರೆ ಕೋಶಗಳಲ್ಲಿ ತನ್ನ ಕೆಲಸ ಮಾಡಿಕೊಂಡಿರುತ್ತದೆ, ಕೆಂಪು ಕೋಶಗಳ ಸಾಲಿನಲ್ಲಿ ಮಾತ್ರ ಅದು ಕುಗ್ಗಿ, ಗಾಮಾ ಜೀನ್ ಮತ್ತೆ ಎಚ್ಚರಗೊಂಡು ಗರ್ಭಕಾಲದ ಹಿಮೋಗ್ಲೋಬಿನ್ ತಯಾರಾಗುತ್ತದೆ. ಇನ್ನೊಂದು ದಾರಿಯೂ ಇದೆ. 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಜಿಂಟೆಗ್ಲೋದಲ್ಲಿ, ನಿರುಪದ್ರವಿಯನ್ನಾಗಿ ಮಾಡಿದ ಲೆಂಟಿವೈರಸ್ ಒಂದರ ಮೂಲಕ ಕೆಲಸ ಮಾಡುವ ಬೀಟಾ ಗ್ಲೋಬಿನ್ ಜೀನನ್ನು ಕಾಂಡಕೋಶಕ್ಕೆ ಹೊಸದಾಗಿ ಸೇರಿಸುತ್ತಾರೆ. ಒಂದರಲ್ಲಿ ಕತ್ತರಿಸುವುದು, ಇನ್ನೊಂದರಲ್ಲಿ ಸೇರಿಸುವುದು. ಎರಡರಲ್ಲಿಯೂ ಹಳೆಯ ದೋಷ ಇದ್ದಲ್ಲಿಯೇ ಇರುತ್ತದೆ.

ಕ್ಯಾಸ್‌ಗೆವಿಗೆ ಮೊದಲು ಅನುಮೋದನೆ ಕೊಟ್ಟದ್ದು ಬ್ರಿಟನ್, 2023ರ ನವೆಂಬರ್ 16ರಂದು. ಅಮೆರಿಕದಲ್ಲಿ ಥಲಸ್ಸೆಮಿಯಾಕ್ಕೆ ಅದು ದೊರೆತದ್ದು 2024ರ ಜನವರಿಯಲ್ಲಿ, 12 ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರಿಗೆ. 2024ರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶದಂತೆ, ಸಾಕಷ್ಟು ಕಾಲ ಗಮನಿಸಲಾದ 35 ರೋಗಿಗಳಲ್ಲಿ 32 ಮಂದಿ ಕನಿಷ್ಠ ಒಂದು ವರ್ಷ ರಕ್ತ ಹಾಕಿಸಿಕೊಳ್ಳದೆಯೇ ಇದ್ದರು. ‘ಗುಣ’ ಎಂಬ ಮಾತಿನ ಹಿಂದಿರುವ ಗಟ್ಟಿ ಅರ್ಥ ಇಷ್ಟು: ರಕ್ತ ಹಾಕಿಸಿಕೊಳ್ಳುವ ಅಗತ್ಯ ನಿಲ್ಲುತ್ತದೆ. ಇಷ್ಟು ವರ್ಷಗಳಲ್ಲಿ ಅಂಗಾಂಗಗಳಲ್ಲಿ ಕುಳಿತ ಕಬ್ಬಿಣ ತಾನಾಗಿ ಕರಗುವುದಿಲ್ಲ, ಅದನ್ನು ತೆಗೆಯುವ ಚಿಕಿತ್ಸೆ ಆಮೇಲೂ ಕೆಲಕಾಲ ನಡೆಯಬೇಕಾಗಬಹುದು. ಶಾಶ್ವತವೇ ಎಂಬುದಕ್ಕೆ, ತಿದ್ದಿದ ಕಾಂಡಕೋಶ ಮಜ್ಜೆಯಲ್ಲಿ ಬೇರೂರಿದರೆ ಅದರ ಸಂತತಿಯೆಲ್ಲ ತಿದ್ದಿದ ಕೋಶಗಳೇ ಆಗಿರುವುದರಿಂದ, ಪರಿಣಾಮ ದೀರ್ಘಕಾಲ ಉಳಿಯಬೇಕೆಂದು ನಿರೀಕ್ಷಿಸಲು ಬಲವಾದ ಕಾರಣವಿದೆ. ಆದರೆ ಮೊದಲ ರೋಗಿಗಳಿಗೆ ಚಿಕಿತ್ಸೆಯಾದದ್ದು 2019ರಲ್ಲಿ. ನಮ್ಮ ಕೈಯಲ್ಲಿರುವ ಅನುಭವ ಅಲ್ಲಿಂದ ಈಚಿನದು ಮಾತ್ರ.

ಉತ್ತರ 2 (ಕಸಿ ವಾರ್ಡಿನಲ್ಲಿ ಶುಶ್ರೂಷಕಿ)

ಮೇಲಿನ ಉತ್ತರದಲ್ಲಿ ವಿಜ್ಞಾನವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಹಾಸಿಗೆಯ ಪಕ್ಕದಿಂದ ಕಂಡದ್ದನ್ನು ಹೇಳುತ್ತೇನೆ. ಕುಟುಂಬದವರು ಬಂದಾಗ ಎಲ್ಲರ ಗಮನವೂ ‘ಜೀನ್’ ಎಂಬ ಪದದ ಮೇಲಿರುತ್ತದೆ, ರೋಗಿ ಅನುಭವಿಸುವ ಕಷ್ಟದ ಬಹುಪಾಲು ಬರುವುದು ಮಾತ್ರ ಕೀಮೋದಿಂದ. ಅದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳುವವರು ಕಡಿಮೆ ಎಂಬುದು ನನ್ನ ಕೊರಗು.

ಮೊದಲಿಗೆ ಚುಚ್ಚುಮದ್ದುಗಳನ್ನು ಕೊಟ್ಟು ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುವಂತೆ ಮಾಡಿ, ಯಂತ್ರದ ಮೂಲಕ ರಕ್ತವನ್ನು ಹಾಯಿಸಿ ಅವುಗಳನ್ನು ಬೇರ್ಪಡಿಸಿ ಸಂಗ್ರಹಿಸುತ್ತಾರೆ. ಒಂದೆರಡು ದಿನ ಗಂಟೆಗಟ್ಟಲೆ ಮಲಗಿರಬೇಕು. ಬೇಕಾದಷ್ಟು ಕೋಶಗಳು ಸಿಗದಿದ್ದರೆ ಕೆಲವು ವಾರ ಬಿಟ್ಟು ಇಡೀ ಕ್ರಮವನ್ನು ಮತ್ತೆ ಮಾಡಬೇಕಾಗುತ್ತದೆ, ಇದು ಅಪರೂಪವೇನಲ್ಲ. ಒಂದು ಪಾಲನ್ನು ತಿದ್ದದೆ ಹಾಗೆಯೇ ಹೆಪ್ಪುಗಟ್ಟಿಸಿ ಇಡುತ್ತಾರೆ, ತಿದ್ದಿದ ಕೋಶಗಳು ಬೇರೂರದಿದ್ದರೆ ರೋಗಿಯನ್ನು ಉಳಿಸಿಕೊಳ್ಳಲು ಅದೇ ಆಧಾರ. ಉಳಿದ ಪಾಲು ತಯಾರಿಕಾ ಕೇಂದ್ರಕ್ಕೆ ಹೋಗಿ, ತಿದ್ದುಪಡಿಯಾಗಿ, ಪರೀಕ್ಷೆಗಳೆಲ್ಲ ಮುಗಿದು ಹಿಂದಿರುಗಲು ಹಲವು ತಿಂಗಳು ಹಿಡಿಯುತ್ತದೆ. ಆ ಅವಧಿಯಲ್ಲಿ ರಕ್ತ ಹಾಕಿಸುವುದು ಎಂದಿನಂತೆ ನಡೆಯುತ್ತಿರುತ್ತದೆ.

ಕೋಶಗಳು ಬಂದ ಮೇಲೆ ನಿಜವಾದ ಪರೀಕ್ಷೆ. ಮಜ್ಜೆಯಲ್ಲಿ ಹಳೆಯ ಕಾಂಡಕೋಶಗಳು ತುಂಬಿಕೊಂಡಿರುವವರೆಗೆ ಹೊಸಬರಿಗೆ ಅಲ್ಲಿ ಜಾಗವಿಲ್ಲ. ಅವುಗಳನ್ನು ತೆರವುಗೊಳಿಸಲು ಬುಸಲ್ಫಾನ್ ಎಂಬ ಬಲವಾದ ಕೀಮೋ ಔಷಧವನ್ನು ನಾಲ್ಕು ದಿನ ಕೊಡುತ್ತಾರೆ. ಆಮೇಲೆ ತಿದ್ದಿದ ಕೋಶಗಳನ್ನು ರಕ್ತನಾಳದ ಮೂಲಕ ಹಾಯಿಸುತ್ತಾರೆ. ವರ್ಷಗಟ್ಟಲೆ ಕಾದ ಆ ಗಳಿಗೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ನೋಡಲು ಸಾಧಾರಣ ರಕ್ತ ಹಾಕಿದಂತೆಯೇ ಇರುತ್ತದೆ. ಅಲ್ಲಿಂದ ಮುಂದಿನ ಸುಮಾರು ನಾಲ್ಕು ವಾರ, ಬಿಳಿ ಕೋಶಗಳು ಏರುವವರೆಗೆ, ಸೋಂಕಿನ ಭಯ. ಬಾಯಿ ಮತ್ತು ಗಂಟಲು ಹುಣ್ಣಾಗಿ ಉಗುಳು ನುಂಗುವುದೂ ಕಷ್ಟವಾಗುತ್ತದೆ, ಕೂದಲು ಉದುರುತ್ತದೆ, ಪ್ಲೇಟ್‌ಲೆಟ್‌ಗಳು ಇನ್ನೂ ತಡವಾಗಿ ಚೇತರಿಸಿಕೊಳ್ಳುತ್ತವೆ. ಹದಿಹರೆಯದ ಮಕ್ಕಳು ಈ ದಿನಗಳಲ್ಲಿ ಒಂಟಿ ಕೋಣೆಯಲ್ಲಿ ಕಳೆಯುವ ಹೊತ್ತನ್ನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಮುಂಚಿತವಾಗಿ ಎಲ್ಲವನ್ನೂ ಹೇಳಿದ್ದರೆ ತಡೆದುಕೊಳ್ಳುತ್ತಾರೆ, ಮುಚ್ಚಿಟ್ಟಿದ್ದರೆ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. 2024ರಲ್ಲಿ ಸಿಕಲ್ ಸೆಲ್ ಕಾಯಿಲೆಯ ಇಂಥದೇ ಒಂದು ಪ್ರಯೋಗದಲ್ಲಿ ರೋಗಿಯೊಬ್ಬರು ಉಸಿರಾಟದ ವೈಫಲ್ಯದಿಂದ ಮೃತಪಟ್ಟಾಗ, ಅದಕ್ಕೆ ಕಾರಣವಿರಬಹುದೆಂದು ಹೇಳಿದ್ದು ತಿದ್ದಿದ ಜೀನನ್ನಲ್ಲ, ಬುಸಲ್ಫಾನನ್ನು.

ನಿಮ್ಮ ಹುಡುಗಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬುಸಲ್ಫಾನ್ ಅಂಡಾಶಯಗಳಿಗೆ ತೀವ್ರ ಹಾನಿ ಮಾಡುತ್ತದೆ, ಮುಂದೆ ಮಕ್ಕಳಾಗದಿರುವ ಸಾಧ್ಯತೆ ಹೆಚ್ಚು. ಚಿಕಿತ್ಸೆಗೆ ಮೊದಲೇ ಅಂಡಾಣುಗಳನ್ನು ಅಥವಾ ಅಂಡಾಶಯದ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕಾಪಾಡಬಹುದು. ಥಲಸ್ಸೆಮಿಯಾ ಇರುವ ಹುಡುಗಿಯರಿಗೆ ಕಬ್ಬಿಣದ ಕಾರಣದಿಂದ ಮೈನೆರೆಯುವುದು ತಡವಾಗುವುದೂ ಉಂಟು, ಹಾಗಾದಾಗ ಯಾವ ವಿಧಾನ ಸೂಕ್ತ ಎಂಬುದನ್ನು ತಜ್ಞರೇ ನೋಡಿ ಹೇಳಬೇಕು. ಈ ಮಾತು ಕೀಮೋಗೆ ದಿನ ಗೊತ್ತಾದ ಮೇಲೆ ಆಡುವಂಥದಲ್ಲ, ಮೊದಲ ಭೇಟಿಯಲ್ಲಿಯೇ ಆಡಬೇಕು. ಮನೆಯವರು ಸಂಕೋಚದಿಂದ ಕೇಳುವುದಿಲ್ಲ, ವೈದ್ಯರು ಅವಸರದಲ್ಲಿ ಮರೆಯುತ್ತಾರೆ, ಆ ನಡುವೆ ಒಂದು ಹುಡುಗಿಯ ಬದುಕಿನ ದೊಡ್ಡ ಆಯ್ಕೆಯೊಂದು ಅವಳನ್ನು ಕೇಳದೆಯೇ ಮುಗಿದುಹೋಗುತ್ತದೆ.

ಉತ್ತರ 3

ನಾನು ವೈದ್ಯನಲ್ಲ, ಈ ಕ್ಷೇತ್ರದ ಇತಿಹಾಸವನ್ನು ಬಹುಕಾಲದಿಂದ ಓದಿಕೊಂಡು ಬಂದವನು. ನಿಮ್ಮನ್ನು ಹೆದರಿಸುವುದಕ್ಕಲ್ಲ, ವೈದ್ಯರು ಏಕೆ ಇಷ್ಟೊಂದು ವರ್ಷ ಬೆನ್ನುಬಿಡದೆ ರೋಗಿಗಳನ್ನು ಪರೀಕ್ಷಿಸುತ್ತಾರೆ ಎಂಬುದು ಅರ್ಥವಾಗಲಿ ಎಂದು ಬರೆಯುತ್ತಿದ್ದೇನೆ.

1990ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ, ಎಡಿಎ ಎಂಬ ಕಿಣ್ವದ ಕೊರತೆಯಿಂದ ರೋಗನಿರೋಧಕ ಶಕ್ತಿಯೇ ಇಲ್ಲದಿದ್ದ ನಾಲ್ಕು ವರ್ಷದ ಬಾಲಕಿಗೆ, ಅನುಮೋದಿತ ಪ್ರಯೋಗವೊಂದರಲ್ಲಿ ಮೊದಲ ಬಾರಿ ಜೀನ್ ಚಿಕಿತ್ಸೆ ನಡೆಯಿತು. ಆಗ ಹುಟ್ಟಿದ ಭರವಸೆ ಒಂಬತ್ತು ವರ್ಷಗಳಲ್ಲಿ ನೆಲಕಚ್ಚಿತು. 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಆಹಾರ ಮತ್ತು ಔಷಧಗಳಿಂದ ಬಹುಮಟ್ಟಿಗೆ ಹತೋಟಿಯಲ್ಲಿದ್ದ ಯಕೃತ್ತಿನ ಕಾಯಿಲೆಯ 18 ವರ್ಷದ ಯುವಕನೊಬ್ಬ, ಜೀನ್ ಹೊತ್ತೊಯ್ದ ಅಡಿನೋವೈರಸ್‌ಗೆ ದೇಹ ತೀವ್ರವಾಗಿ ಪ್ರತಿಕ್ರಿಯಿಸಿದ್ದರಿಂದ ನಾಲ್ಕೇ ದಿನಗಳಲ್ಲಿ ತೀರಿಕೊಂಡ. ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಅಲೆನ್ ಫಿಶರ್ ಮತ್ತು ಮರೀನಾ ಕವಾತ್ಸಾನಾ ಅವರ ತಂಡ ಇನ್ನೊಂದು ಬಗೆಯ ರೋಗನಿರೋಧಕ ಕೊರತೆಯ ಶಿಶುಗಳಿಗೆ ಚಿಕಿತ್ಸೆ ಮಾಡಿ, ಗಾಜಿನ ಗೂಡಿನಲ್ಲಿರಬೇಕಾಗಿದ್ದ ಮಕ್ಕಳನ್ನು ಮನೆಗೆ ಕಳುಹಿಸಿತು. ಅದು ನಿಜವಾದ ಯಶಸ್ಸು. ಆದರೆ ಕೆಲವು ವರ್ಷಗಳಲ್ಲಿ ಅವರಲ್ಲಿ ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಿತು. ಅವರಿಗೆ ಬಳಸಿದ್ದ ರೆಟ್ರೋವೈರಸ್ ತನ್ನ ಜೀನನ್ನು ವರ್ಣತಂತುವಿನಲ್ಲಿ ಎಲ್ಲೆಂದರಲ್ಲಿ ಸೇರಿಸುತ್ತಿತ್ತು. ಕೆಲವು ಕೋಶಗಳಲ್ಲಿ ಅದು ಎಲ್‌ಎಂಒ2 ಎಂಬ, ಕ್ಯಾನ್ಸರ್ ಹುಟ್ಟಿಸಬಲ್ಲ ಜೀನಿನ ಪಕ್ಕಕ್ಕೆ ಹೋಗಿ ಕುಳಿತು ಅದನ್ನು ಕೆರಳಿಸಿತ್ತು.

ಈಗ ಬಳಸುವ ಲೆಂಟಿವೈರಸ್‌ಗಳಲ್ಲಿ ಆ ಕೆರಳಿಸುವ ಭಾಗವನ್ನು ತೆಗೆದುಹಾಕಿರುವುದರಿಂದ ಅವು ಎಷ್ಟೋ ಸುರಕ್ಷಿತ. ಆದರೂ ಅಪಾಯ ಪೂರ್ತಿಯಾಗಿ ಹೋಗಿಲ್ಲ. ಮಕ್ಕಳ ಮೆದುಳನ್ನು ಹಾಳುಮಾಡುವ ಅಡ್ರಿನೋಲ್ಯೂಕೋಡಿಸ್ಟ್ರೋಫಿ ಎಂಬ ಕಾಯಿಲೆಗೆ ಬಳಸುವ ಸ್ಕೈಸೋನಾ ಚಿಕಿತ್ಸೆ ಪಡೆದ 67 ಮಕ್ಕಳಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂದುದನ್ನು 2024ರಲ್ಲಿ ವರದಿ ಮಾಡಲಾಯಿತು. ಅಲ್ಲಿ ಬಳಸಿದ ವೈರಸ್‌ನೊಳಗೆ ಜೀನನ್ನು ಚಾಲೂ ಮಾಡುವ ಸ್ವಿಚ್ ಬಲವಾದದ್ದು. ಥಲಸ್ಸೆಮಿಯಾದ ಚಿಕಿತ್ಸೆಯಲ್ಲಿ ಕೆಂಪು ಕೋಶಗಳಲ್ಲಿ ಮಾತ್ರ ಕೆಲಸ ಮಾಡುವ ಬೇರೆ ಸ್ವಿಚ್ ಇದೆ. ಹಾಗಾಗಿ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ನೇರವಾಗಿ ಹಚ್ಚಬಾರದು. ಕ್ರಿಸ್ಪರ್‌ನಲ್ಲಿ ವೈರಸ್ ಇಲ್ಲದ ಕಾರಣ ಈ ನಿರ್ದಿಷ್ಟ ಅಪಾಯ ಇಲ್ಲ, ಅದರ ಬದಲು ಕತ್ತರಿ ಗುರಿ ತಪ್ಪಿ ಬೇರೆಡೆ ಕತ್ತರಿಸೀತೇ ಎಂಬ ಪ್ರಶ್ನೆ ಇದೆ. ಚಿಕಿತ್ಸೆ ಪಡೆದವರನ್ನು 15 ವರ್ಷಗಳವರೆಗೆ ಗಮನಿಸುತ್ತ ಹೋಗಬೇಕೆಂಬ ವ್ಯವಸ್ಥೆ ಇರುವುದು ಈ ಕಾರಣಕ್ಕೇ. ಆ ಗಮನಿಕೆಯನ್ನು ತಪ್ಪಿಸದಿರುವುದೂ ಚಿಕಿತ್ಸೆಯ ಒಂದು ಭಾಗವೆಂದು ಹುಡುಗಿಗೆ ಈಗಲೇ ಹೇಳಿಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಅಂಡಾಶಯದ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಅಕ್ಕನಿಗೆ ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಇದನ್ನು ಅವಳ ಮುಂದೆಯೇ ಕೂತು ಮಾತಾಡೋಣ” ಎಂದಳು.

ಇನ್ನೆರಡು ವಿಷಯಗಳನ್ನು ಕೇಳಬೇಕಾಗಿದೆ. ನಮ್ಮ ಹಿರಿಯರೊಬ್ಬರು, ಕೀಮೋ ಇಲ್ಲದೆ ಕೇವಲ ಕಾಂಡಕೋಶದ ಚುಚ್ಚುಮದ್ದನ್ನು ಮೂರು ಸಲ ಕೊಟ್ಟು ಥಲಸ್ಸೆಮಿಯಾ, ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲವನ್ನೂ ವಾಸಿ ಮಾಡುತ್ತೇವೆ ಎನ್ನುವ ಒಂದು ಚಿಕಿತ್ಸಾಲಯದ ವಿಳಾಸ ತಂದುಕೊಟ್ಟಿದ್ದಾರೆ. ಅವರ ಪ್ರೀತಿಯನ್ನು ತಳ್ಳಿಹಾಕಲು ಮನಸ್ಸಿಲ್ಲ, ಆದರೆ ಏನು ಉತ್ತರ ಹೇಳಲಿ? ಎರಡನೆಯದು, ಇನ್ನು ಕೆಲವೇ ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ಮಲಗುವ ಅಗತ್ಯವೇ ಇಲ್ಲದೆ ಒಂದು ಚುಚ್ಚುಮದ್ದಿನಲ್ಲಿ ಜೀನನ್ನು ತಿದ್ದುತ್ತಾರಂತೆ, ಅಲ್ಲಿಯವರೆಗೆ ಕಾಯುವುದು ಒಳ್ಳೆಯದು ಎಂದು ನನ್ನ ಯಜಮಾನರು ಹೇಳುತ್ತಾರೆ. ಕಾಯುವುದು ಸರಿಯೇ?

ಉತ್ತರ 4

ಆ ಚಿಕಿತ್ಸಾಲಯದ ಬಗ್ಗೆ ನನ್ನ ಉತ್ತರ ನೇರವಾಗಿದೆ: ದಯವಿಟ್ಟು ಹೋಗಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾಯಿಲೆಗಳಿಗೆ ಒಂದೇ ಚುಚ್ಚುಮದ್ದು ಎನ್ನುವುದೇ ಮೊದಲ ಎಚ್ಚರಿಕೆಯ ಗಂಟೆ. ಮಂಡಿಯ ಮೂಳೆಸಂದು ಸವೆಯುವುದಕ್ಕೂ ಕೆಂಪು ಕೋಶದಲ್ಲಿ ಒಂದು ಸರಪಳಿ ತಯಾರಾಗದಿರುವುದಕ್ಕೂ ಯಾವ ಸಂಬಂಧವೂ ಇಲ್ಲ.

ಹಿರಿಯರಿಗೆ ವಿವರಿಸಲು ಒಂದು ದಾರಿ ಹೇಳುತ್ತೇನೆ. ಬೆಳೆ ತುಂಬಿ ನಿಂತ ಹೊಲದಲ್ಲಿ ಮೇಲಿನಿಂದ ಹೊಸ ಬೀಜ ಎರಚಿದರೆ ಅದು ಬೇರು ಬಿಡುವುದಿಲ್ಲ. ಮಜ್ಜೆಯೂ ಹಾಗೆಯೇ. ಕೀಮೋ ಇಲ್ಲದೆ ಕೆಲಸ ನಡೆದ ಉದಾಹರಣೆ ಇಲ್ಲವೆಂದಲ್ಲ. ಮೇಲೆ ಹೇಳಿದ ಪ್ಯಾರಿಸ್‌ನ ಮಕ್ಕಳಿಗೆ ಕೀಮೋ ಕೊಟ್ಟಿರಲಿಲ್ಲ. ಆದರೆ ಆ ಕಾಯಿಲೆಯಲ್ಲಿ ಸೋಂಕಿನೊಡನೆ ಹೋರಾಡುವ ಟಿ ಕೋಶಗಳ ಜಾಗವೇ ಖಾಲಿ ಇತ್ತು, ಸರಿಪಡಿಸಿದ ಕೋಶಗಳಿಗೆ ಮಾತ್ರ ಬೆಳೆಯುವ ಶಕ್ತಿಯಿತ್ತು, ಆದ್ದರಿಂದ ಅವು ತಾವಾಗಿ ಆ ಜಾಗವನ್ನು ತುಂಬಿಕೊಂಡವು. ಥಲಸ್ಸೆಮಿಯಾದಲ್ಲಿ ರೋಗಿಯ ಕಾಂಡಕೋಶಗಳು ಕಾಂಡಕೋಶಗಳಾಗಿ ಸಾಕಷ್ಟು ಗಟ್ಟಿಯಾಗಿಯೇ ಇರುತ್ತವೆ, ಹೊಸಬರಿಗೆ ಜಾಗ ಬಿಟ್ಟುಕೊಡುವುದಿಲ್ಲ.

ಇಂಥ ಕಡೆ ನಷ್ಟವಾಗುವುದು ಹಣ ಮಾತ್ರವಲ್ಲ. ಕಣ್ಣಿನ ಅಕ್ಷಿಪಟಲ ಸವೆದಿದ್ದ ಮೂವರು ಮಹಿಳೆಯರು ಅಮೆರಿಕದ ಫ್ಲಾರಿಡಾದಲ್ಲಿ ತಮ್ಮದೇ ಕೊಬ್ಬಿನಿಂದ ತೆಗೆದ ‘ಕಾಂಡಕೋಶ’ಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡದ್ದನ್ನು 2017ರಲ್ಲಿ ವೈದ್ಯರು ದಾಖಲಿಸಿದರು. ಚಿಕಿತ್ಸೆಗಾಗಿ ಅವರು ಹಣ ತೆತ್ತಿದ್ದರು. ಸಾಮಾನ್ಯವಾಗಿ ನಿಜವಾದ ಪ್ರಯೋಗದಲ್ಲಿ ಭಾಗವಹಿಸಲು ರೋಗಿಯಿಂದ ಹಣ ಕೇಳುವುದಿಲ್ಲ, ಪ್ರಯೋಗ ಸಾರ್ವಜನಿಕ ನೋಂದಣಿಯಲ್ಲಿರುತ್ತದೆ, ನೈತಿಕ ಸಮಿತಿಯ ಅನುಮತಿ ಇರುತ್ತದೆ, ಒಪ್ಪಿಗೆ ಪತ್ರದಲ್ಲಿ ಅಪಾಯಗಳನ್ನು ಬಿಡಿಸಿ ಬರೆದಿರುತ್ತಾರೆ. ಕಾಂಡಕೋಶ ಎಂಬ ವಿಜ್ಞಾನವೇ ಸುಳ್ಳೆಂದು ಹಿರಿಯರು ತಿಳಿಯದಿರಲಿ. ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಸಾಧಾರಣ ಕೋಶಗಳನ್ನೂ 2007ರಲ್ಲಿ ಮನುಷ್ಯನ ಕೋಶಗಳನ್ನೂ ಹಿಂದಕ್ಕೆ ತಿರುಗಿಸಿ ಕಾಂಡಕೋಶಗಳಂತೆ ಮಾಡಿ ತೋರಿಸಿ 2012ರಲ್ಲಿ ನೊಬೆಲ್ ಪಡೆದರು. ಕಾಂಡಕೋಶಗಳಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ, ಟೈಪ್ 1 ಮಧುಮೇಹದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ನಂತರ ಇನ್ಸುಲಿನ್ ಚುಚ್ಚಿಕೊಳ್ಳದೆ ಇದ್ದರೆಂದು 2025ರಲ್ಲಿ ಪ್ರಕಟವಾಯಿತು. ಅದರ ಜೊತೆಗೆ ಅವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ತೆಗೆದುಕೊಳ್ಳಬೇಕು ಎಂಬುದನ್ನೂ ಅದೇ ವರದಿ ಹೇಳುತ್ತದೆ. ನಿಜವಾದ ವಿಜ್ಞಾನ ತಾನು ಕೇಳುವ ಬೆಲೆಯನ್ನು ಮುಚ್ಚಿಡುವುದಿಲ್ಲ.

ಉತ್ತರ 5 (ಮೊದಲ ಉತ್ತರ ಬರೆದವರು)

ಕಾಯುವ ಪ್ರಶ್ನೆಗೆ ಉತ್ತರಿಸಲು ಮತ್ತೆ ಬಂದೆ. ನಿಮ್ಮ ಯಜಮಾನರು ಹೇಳಿದ್ದು ಆಧಾರವಿಲ್ಲದ ಮಾತಲ್ಲ. ಆದರೆ ಈ ಕ್ಷೇತ್ರದಲ್ಲಿ ಜೀನನ್ನು ತಿದ್ದುವುದು ಬೇಗ ಸುಲಭವಾಯಿತು, ತಿದ್ದುವ ಸಾಧನವನ್ನು ಸರಿಯಾದ ಕೋಶಕ್ಕೆ ತಲುಪಿಸುವುದು ಇನ್ನೂ ಕಷ್ಟವಾಗಿಯೇ ಉಳಿದಿದೆ. ಎಮ್ಯಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಕ್ರಿಸ್ಪರ್ ಕತ್ತರಿಯ ಬಳಕೆಯನ್ನು ತೋರಿಸಿದ್ದು 2012ರಲ್ಲಿ, ಅವರಿಗೆ ನೊಬೆಲ್ ಬಂದಿದ್ದು 2020ರಲ್ಲಿ. ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸದೆ ಒಂದು ಅಕ್ಷರವನ್ನಷ್ಟೇ ಬದಲಿಸುವ ಬೇಸ್ ಎಡಿಟಿಂಗನ್ನು ಡೇವಿಡ್ ಲಿಯು ಅವರ ತಂಡ 2016ರಲ್ಲಿ ಪ್ರಕಟಿಸಿತು. ಇಷ್ಟು ಬೇಗ ಕತ್ತರಿಗಳು ಹರಿತವಾದವು. ತಲುಪಿಸುವ ಗಾಡಿಗಳು ಆ ವೇಗದಲ್ಲಿ ಬೆಳೆಯಲಿಲ್ಲ.

ತಿದ್ದುವ ಸಾಧನವನ್ನು ತುಂಬಿ ರಕ್ತನಾಳಕ್ಕೆ ಚುಚ್ಚಿದ ಕೊಬ್ಬಿನ ಸೂಕ್ಷ್ಮಕಣಗಳು ಬಹುಪಾಲು ಯಕೃತ್ತಿಗೆ ಹೋಗಿ ಸೇರುತ್ತವೆ. ಹಾಗಾಗಿ ದೇಹದೊಳಗೇ ನಡೆಯುವ ತಿದ್ದುಪಡಿಯ ಮೊದಲ ಯಶಸ್ಸುಗಳಲ್ಲಿ ಹೆಚ್ಚಿನವು ಯಕೃತ್ತಿನ ಕಾಯಿಲೆಗಳಲ್ಲಿ ಬಂದಿವೆ. 2025ರಲ್ಲಿ ಫಿಲಡೆಲ್ಫಿಯಾದಲ್ಲಿ, ಸಿಪಿಎಸ್1 ಎಂಬ ಕಿಣ್ವದ ಕೊರತೆಯಿಂದ ರಕ್ತದಲ್ಲಿ ಅಮೋನಿಯಾ ಏರುತ್ತಿದ್ದ ಶಿಶುವೊಂದಕ್ಕೆ, ಆ ಒಂದೇ ಮಗುವಿನ ದೋಷಕ್ಕಾಗಿ ಬೇಸ್ ಎಡಿಟಿಂಗ್ ಔಷಧವನ್ನು ಸುಮಾರು ಆರು ತಿಂಗಳಲ್ಲಿ ತಯಾರಿಸಿ ಕೊಟ್ಟದ್ದು ನಮ್ಮ ಪ್ರಯೋಗಾಲಯದಲ್ಲಿ ಹಲವು ದಿನ ಮಾತಿನ ವಿಷಯವಾಗಿತ್ತು. ಆದರೆ ಅದೂ ಯಕೃತ್ತೇ. ಕಣ್ಣು, ಒಳಕಿವಿಗಳಂಥ ಚಿಕ್ಕ, ಮುಚ್ಚಿದ ಜಾಗಗಳಿಗೆ ಎಎವಿ ಎಂಬ ಪುಟ್ಟ ವೈರಸ್ ನೆರವಾಗುತ್ತದೆ. ಹುಟ್ಟುಗುರುಡಿಗೆ ಕಾರಣವಾಗುವ ಆರ್‌ಪಿಇ65 ದೋಷಕ್ಕೆ 2017ರಲ್ಲಿ ಬಂದ ಲಕ್ಸ್‌ಟರ್ನಾ ಅಂಥದು. ಆದರೆ ಎಎವಿ ಸುಮಾರು 4,700 ಅಕ್ಷರಗಳಷ್ಟನ್ನೇ ಹೊರಬಲ್ಲುದು. ಸ್ನಾಯುಕ್ಷಯಕ್ಕೆ ಬೇಕಾದ ಡಿಸ್ಟ್ರೋಫಿನ್ ಜೀನಿನ ಉಪಯುಕ್ತ ಪಾಠವೇ 11,000 ಅಕ್ಷರಗಳಷ್ಟು ಉದ್ದವಿರುವುದರಿಂದ ಅದನ್ನು ಕತ್ತರಿಸಿ ಕಿರಿದುಗೊಳಿಸಿ ಕಳುಹಿಸಬೇಕಾಗಿ ಬಂದಿದೆ. ಮೂಳೆಗಳೊಳಗೆ ಅಡಗಿ ಕುಳಿತ ರಕ್ತದ ಕಾಂಡಕೋಶಗಳನ್ನು ಒಂದು ಚುಚ್ಚುಮದ್ದಿನಿಂದ ಸಾಕಷ್ಟು ಸಂಖ್ಯೆಯಲ್ಲಿ ತಲುಪುವುದು ಪ್ರಾಣಿಗಳಲ್ಲಿ ಸಾಧ್ಯವಾಗುತ್ತ ಬಂದಿದೆ, ಥಲಸ್ಸೆಮಿಯಾದ ರೋಗಿಗಳಿಗೆ ಅನುಮೋದಿತ ಚಿಕಿತ್ಸೆಯಾಗಿ ಬಂದಿಲ್ಲ. ಅದಕ್ಕಿಂತ ಹತ್ತಿರದಲ್ಲಿ ಕಾಣುತ್ತಿರುವ ಸುಧಾರಣೆ ಬೇರೆಯದು: ಬುಸಲ್ಫಾನ್ ಬದಲು, ಕಾಂಡಕೋಶಗಳನ್ನಷ್ಟೇ ಗುರುತಿಸಿ ತೆರವುಗೊಳಿಸುವ ಪ್ರತಿಕಾಯಗಳ ಪ್ರಯೋಗಗಳು ನಡೆಯುತ್ತಿವೆ. ಅವು ಫಲಿಸಿದರೆ ಶುಶ್ರೂಷಕಿಯವರು ವಿವರಿಸಿದ ಸಂಕಟದ ಬಹುಭಾಗವೂ ಅಂಡಾಶಯದ ಚಿಂತೆಯೂ ಕಡಿಮೆಯಾಗಬಹುದು.

ಆದ್ದರಿಂದ ಕಾಯಬೇಕೇ ಎಂಬುದನ್ನು ಸುದ್ದಿಗಳಿಂದ ನಿರ್ಧರಿಸಬೇಡಿ, ಅವಳ ಎಂಆರ್‌ಐ ವರದಿಯಿಂದ ನಿರ್ಧರಿಸಿ. ಹೃದಯದಲ್ಲಿ ಕಬ್ಬಿಣ ಇಲ್ಲದೆ, ಯಕೃತ್ತು ಹಾನಿಗೊಂಡು ಗಡುಸಾಗಿರದೆ, ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೆ, ಒಂದೆರಡು ವರ್ಷ ಕಾದು ನೋಡುವುದರಿಂದ ಅವಳು ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ, ತನ್ನ ಆಯ್ಕೆಯನ್ನು ತಾನೇ ಅರಿತು ಮಾಡುವ ವಯಸ್ಸಿಗೂ ಬರುತ್ತಾಳೆ. ಕಬ್ಬಿಣ ಹತೋಟಿ ಮೀರುತ್ತಿದ್ದರೆ ಕಾಯುವ ಪ್ರತಿ ವರ್ಷವೂ ಮುಂದೆ ಬುಸಲ್ಫಾನನ್ನು ತಡೆದುಕೊಳ್ಳಬೇಕಾದ ಅಂಗಗಳನ್ನೇ ದುರ್ಬಲಗೊಳಿಸುತ್ತದೆ, ಆಗ ಒಳ್ಳೆಯ ಚಿಕಿತ್ಸೆ ಬಂದರೂ ಅದನ್ನು ಪಡೆಯುವ ಶಕ್ತಿ ದೇಹದಲ್ಲಿ ಇಲ್ಲದಿರಬಹುದು. ಕಾಯುವುದಾದರೂ ಸುಮ್ಮನೆ ಕಾಯಬೇಡಿ. ತಮ್ಮನದು ಹೊಂದದಿದ್ದರೆ ದಾನಿಗಳ ನೋಂದಣಿಯಲ್ಲಿ ಹೊಂದುವ ಹೊರಗಿನ ದಾನಿ ಸಿಗಬಹುದೇ ಎಂದು ಹುಡುಕಿಸಿ. ಅಸ್ಥಿಮಜ್ಜೆಯ ಕಸಿಯಿಂದ ಥಲಸ್ಸೆಮಿಯಾ ವಾಸಿಯಾದ ಅನುಭವ 1980ರ ದಶಕದಿಂದ ಇದೆ, ಅದರ ಒಳಿತು ಕೆಡುಕುಗಳು ಜೀನ್ ಚಿಕಿತ್ಸೆಯವುಗಳಿಗಿಂತ ಎಷ್ಟೋ ಚೆನ್ನಾಗಿ ಗೊತ್ತಿವೆ.

ಪ್ರಶ್ನೆ ಕೇಳಿದವರಿಂದ

ಕಳೆದ ವರ್ಷದ ಎಂಆರ್‌ಐ ವರದಿಯನ್ನು ಹುಡುಕಿ ತೆಗೆದೆವು. ಹೃದಯದಲ್ಲಿ ಕಬ್ಬಿಣವಿಲ್ಲ, ಯಕೃತ್ತಿನಲ್ಲಿ ಮಧ್ಯಮ ಪ್ರಮಾಣದಲ್ಲಿದೆ ಎಂದು ಬರೆದಿದೆ. ಈ ವರ್ಷದ್ದನ್ನು ಮಾಡಿಸಿ, ಎರಡನ್ನೂ ಹಿಡಿದುಕೊಂಡು ರಕ್ತರೋಗ ತಜ್ಞರನ್ನೂ, ಅದೇ ವಾರ ಸ್ತ್ರೀರೋಗ ತಜ್ಞರನ್ನೂ ಕಾಣುತ್ತೇವೆ. ದಾನಿಗಳ ನೋಂದಣಿಯಲ್ಲಿ ಹುಡುಕಲು ಬೇಕಾದ ಅರ್ಜಿಯನ್ನು ಅಕ್ಕ ಆಗಲೇ ತರಿಸಿದ್ದಾಳೆ. ಹುಡುಗಿ ಈ ಚರ್ಚೆಯನ್ನೆಲ್ಲ ತಾನೇ ಓದಿದಳು. ಯಕೃತ್ತಿನ ಸಾಲನ್ನು ಎರಡು ಸಲ ಓದಿ, ಮಾತ್ರೆಯ ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು ತನ್ನ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ.